ಬಿಟ್ಟುಹೋದ ಗುಡಿಸು

ಗುರುವಾರ, ೧೪ನೇ ತಾರೀಖು

ನನ್ನ ಪುಟ್ಟ ಪೇದೆಗೆ,

ನಿನ್ನ ಸೋದರಮಾವನ ಆಶೀರ್ವಾದಗಳು. ನೀನು ಕ್ಷೇಮವೆಂದು ನಿನ್ನ ಅಕ್ಷರಗಳೇ ಹೇಳಿದವು. ಪೊಲೀಸ್ ತರಬೇತಿ ಶಾಲೆಗೆ ಸೇರಿದ ಮೇಲೆ ಅವೂ ಎದೆ ಸೆಟೆಸಿ ಸಾಲಾಗಿ ನಿಲ್ಲುತ್ತಿವೆ. ನನ್ನ ಅಕ್ಷರಗಳು ಮಾತ್ರ ಎಂದಿನಂತೆ ಸಂತೆಗೆ ಹೊರಟಿವೆ, ಹೊಂದಿಸಿಕೊಂಡು ಓದು.

ಉತ್ತರ ತಡವಾಯಿತು. ಜೀವಮಾನವಿಡೀ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನಿಗೆ ಒಂದು ಕಾಗದ ಬರೆಯಲು ಇಷ್ಟು ದಿನವೇ ಎಂದು ನೀನು ಮೂಗು ಮುರಿದಿರುತ್ತೀಯ. ಬರೆಯುವುದೇನೋ ಸುಲಭ ಕಣೆ. ನೀನು ಕೇಳಿದ್ದಕ್ಕೆ ಉತ್ತರ ಸಿಗಬೇಕಲ್ಲ! "ಅಪ್ಪ ಹೋದ್ಮೇಲೂ ನಾನು ಪೊಲೀಸ್ ಆಗೋದು ಅಮ್ಮನಿಗೆ ಒಪ್ಪಿಗೆನಾ? ಇಲ್ಲ ಅಂದ್ರೆ ಎಲ್ಲಾ ಬಿಟ್ಟು ಬಂದ್ಬಿಡ್ತೀನಿ. ನನ್ನ ಹತ್ರ ಅಮ್ಮ ಬಾಯೇ ಬಿಡಲ್ಲ, ನೀವೇ ಕೇಳಿ ಬರೀರಿ ಮಾವ" ಎಂದು ಬರೆದೆ. ನಿಮ್ಮಮ್ಮ ನನ್ನ ಅಕ್ಕನಾದ್ದರಿಂದ ನನ್ನ ಹತ್ತಿರ ಧಾರಾಳವಾಗಿ ಬಾಯಿ ಬಿಡುತ್ತಾಳೆ, ಬೈಯುವುದಕ್ಕೆ. ಈ ವಿಷಯ ಎತ್ತಿದರೆ ಮಾತ್ರ "ತಡಿ, ಹಾಲು ಉಕ್ತು" ಎಂದು ಒಳಗೆ ಹೋಗಿಬಿಡುತ್ತಾಳೆ. ನಾನು ಹಿಂದೆಯೇ ಹೋಗಿ ನೋಡಿದೆ. ಒಲೆಯ ಮೇಲೆ ಪಾತ್ರೆಯೇ ಇಲ್ಲ! ಹೀಗೆ ಇಲ್ಲದ ಹಾಲು ಉಕ್ಕಿ ಉಕ್ಕಿ ತಿಂಗಳಾಗುತ್ತಾ ಬಂತು. ಮೊನ್ನೆ ಭಾನುವಾರ ಉತ್ತರ ಸಿಕ್ಕಿತು. ಅದನ್ನು ಹೇಳಲು ಮೊದಲು ಸರ್ಕಲ್ಲಿನ ಸುದ್ದಿ ಹೇಳಬೇಕು.

ನಿಮ್ಮಪ್ಪನಿಗೆ ಸರ್ಕಲ್ಲಿನವರು ‘ಅಡ್ಡ ಸಾಹೇಬ್ರು’ ಎಂದು ಹೆಸರಿಟ್ಟಿದ್ದು ನಿನಗೆ ಗೊತ್ತಲ್ಲ. ಟ್ರಾಫಿಕ್ ಪೊಲೀಸರಾಗಿ ಗಾಡಿಗಳಿಗೆ ಅಡ್ಡ ನಿಲ್ಲುತ್ತಿದ್ದರು ಎನ್ನುವುದು ಗೌರವದ ಅರ್ಥ. ಭಾವ ನಿಂತರೆ ಅವರ ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಉಳಿಯುತ್ತಿರಲಿಲ್ಲ ಎನ್ನುವುದು ನಿಜವಾದ ಅರ್ಥ. ಈಗ ಅವರಿಲ್ಲ. ಸರ್ಕಲ್ಲಿನಲ್ಲಿ ದುಃಖಪಡುವುದೂ ಒಂದು ಪಂದ್ಯವಾಗಿದೆ. ಯಾರು ಅವರಿಂದ ಹೆಚ್ಚು ಬೈಸಿಕೊಂಡಿದ್ದರೋ ಅವರೇ ಹೆಚ್ಚು ಹತ್ತಿರದವರು!

"ವಾರಕ್ಕೊಂದ್ಸಲ ಆದ್ರೂ ನನಗೆ ಉಗೀದೇ ಇದ್ರೆ ಅವರಿಗೆ ತಿಂದಿದ್ದು ಅರಗ್ತಿರ್ಲಿಲ್ಲ" ಎಂದು ಟೈಲರ್ ಚಹಾ ಅಂಗಡಿಯಲ್ಲಿ ಕಣ್ಣೊರೆಸಿಕೊಂಡ.

"ವಾರಕ್ಕಾ? ನಂಗೆ ದಿನಾ!" ಎಂದ ಕಟಿಂಗ್ ಶಾಪಿನವನು.

ಟೈಲರನ ಮುಖ ಸಣ್ಣಗಾಯಿತು. "ನಿಂದು ಬಿಡಪ್ಪ, ನೀನು ಸ್ಕೂಟರ್ ನಿಲ್ಲಿಸ್ತಿದ್ದಿದ್ದೇ ನಡುರಸ್ತೇಲಿ. ನಾನು ತಪ್ಪೇ ಮಾಡ್ದೆ ಬೈಸ್ಕೋತಿದ್ದೆ. ಅದು ಪ್ರೀತಿ ಕಣೋ, ಪ್ರೀತಿ!"

ಮೂಲೆಯಲ್ಲಿ ಹಣ್ಣಿನ ಗಾಡಿಯಮ್ಮ ಕುಳಿತಿದ್ದಳು. ಅವತ್ತು ಇಳಿಜಾರಿನ ಮೇಲಿಂದ ಬ್ರೇಕ್ ಹೋದ ಲಾರಿ ನುಗ್ಗಿದಾಗ ಫ್ಯಾಕ್ಟರಿ ಬಿಟ್ಟ ಹೊತ್ತು, ರಸ್ತೆ ತುಂಬ ಜನ. ನಿಮ್ಮಪ್ಪ ಸೀಟಿ ಊದುತ್ತಾ, ಕೈ ಬೀಸುತ್ತಾ ಎಲ್ಲರನ್ನೂ ಆಚೀಚೆ ಓಡಿಸಿದರು. ಕೊನೆಗೆ ಉಳಿದವಳು ಈಕೆ. ಗಾಡಿಯ ಚಕ್ರ ಕಚ್ಚಿಕೊಂಡಿತ್ತು, ಈಕೆ ಹಿಡಿ ಬಿಡುತ್ತಿರಲಿಲ್ಲ. ಅವಳನ್ನು ಫುಟ್‌ಪಾತಿಗೆ ತಳ್ಳಿದರು. ಲಾರಿ ಬಂದೇಬಿಟ್ಟಿತು.

"ಅವರು ಕೊನೇ ಸಲ ಬೈದಿದ್ದು ನಂಗೆ ಕಣ್ರಪ್ಪ" ಎಂದಳು ಗಾಡಿಯಮ್ಮ. "ಯಾವತ್ತೂ ‘ಏನಮ್ಮಾ’ ಅಂತ ಮಾತಾಡಿಸ್ತಿದ್ದೋರು, ಅವತ್ತು ‘ಹಣ್ಣು ಹಾಳಾಗ್ಲಿ, ಓಡೇ’ ಅಂದ್ರು."

ಪಂದ್ಯ ಅಲ್ಲಿಗೆ ಮುಗಿಯಿತು. ಟೈಲರ್ ಎದ್ದು ಅವಳಿಗೆ ತನ್ನ ಕುರ್ಚಿ ಬಿಟ್ಟುಕೊಟ್ಟ. ಅವಳು ಆಗಲೇ ಒಂದು ಕುರ್ಚಿಯಲ್ಲಿ ಕೂತಿದ್ದಳು ಎನ್ನುವುದನ್ನು ಯಾರೂ ಎತ್ತಿ ಆಡಲಿಲ್ಲ.

ಅಂದೇ ತೀರ್ಮಾನವಾಯಿತು. ಔಷಧಿ ಅಂಗಡಿಯ ಗೋಡೆಯ ಮೇಲೆ ಅಡ್ಡ ಸಾಹೇಬರ ದೊಡ್ಡ ಚಿತ್ರ, ಕೆಳಗೆ ಒಂದು ಸಾಲು. ಸಾಲು ಬರೆದುಕೊಡುವ ಕೆಲಸ ನನಗೆ. ನಾನು ರಾತ್ರಿ ಹಗಲು ತಲೆ ಕೆರೆದುಕೊಂಡು, ಒಂದೂ ಶ್ಲೇಷೆ ನುಸುಳದಂತೆ ಕಾವಲು ಕಾದು, "ಕರ್ತವ್ಯ ಮಾಡುತ್ತಲೇ ನಮ್ಮನ್ನು ಅಗಲಿದ ಅಡ್ಡ ಸಾಹೇಬರಿಗೆ ನಮನ" ಎಂದು ಬರೆದುಕೊಟ್ಟೆ. ನಾನು ಬಾಗಿಲು ಹಾಕಿದ್ದ ಶ್ಲೇಷೆ ಪೇಂಟರನ ಕಿಟಕಿಯಿಂದ ಒಳಗೆ ಬಂತು. ಚಿತ್ರ ಮೊದಲೇ ಬಂದಿತ್ತು; ಸಾಲಿನ ಮೇಲಿನ ಪರದೆ ಸರಿಸಿ ನೋಡುತ್ತೇನೆ: "ನಮ್ಮನ್ನು ಅಗಲದ ಅಡ್ಡ ಸಾಹೇಬರಿಗೆ ನಮನ"!

"ಅಯ್ಯೋ, ಗುಡಿಸು ಬಿಟ್ಟುಹೋಗಿದೆಯಲ್ಲಯ್ಯಾ!" ಎಂದು ಕೂಗಿದೆ.

ಪಕ್ಕದಲ್ಲಿದ್ದ ಚಹಾ ಅಂಗಡಿಯವನಿಗೆ ಸಿಟ್ಟು ಬಂತು. "ಬೆಳಗ್ಗೆನೇ ಗುಡ್ಸಿದೀನಿ ಸಾರ್. ಬೇಕಾದ್ರೆ ಬಂದು ನೋಡಿ!"

"ನಿನ್ನ ಅಂಗಡಿ ಅಲ್ಲಯ್ಯಾ, ಲಕಾರದ ಗುಡಿಸು! ಲಿ ಆಗಬೇಕಾದ್ದು ಲ ಆಗಿದೆ."

"ಯಾರ ಜಾಗ ಆದ್ರೇನು, ಪೊರಕೆ ಕೊಡ್ತೀನಿ, ನೀವೇ ಗುಡಿಸ್ಕೊಳ್ಳಿ."

ಪೇಂಟರ್ ಏಣಿಯ ಮೇಲಿಂದಲೇ ವಾದಕ್ಕಿಳಿದ. "ಏನ್ ಮೇಷ್ಟ್ರೇ, ನಾನು ಬೋರ್ಡ್ ಬರೆಯೋನು, ನೀವು ಬೋರ್ ಹೊಡೆಯೋರು. ತಪ್ಪೇನಿದೆ ಇದ್ರಲ್ಲಿ? ಅಗಲಿದ ಅಂದ್ರೆ ಬಿಟ್ಟು ಹೋದೋರು. ಅಗಲದ ಅಂದ್ರೆ ಬಿಟ್ಟು ಹೋಗದೇ ಇರೋರು. ಯಾವ್ದು ಚೆನ್ನಾಗಿದೆ, ನೀವೇ ಹೇಳಿ."

"ನಾನು ಸೊಂಟದ ಅಳತೆ ತಗೊಂಡೋನು" ಎಂದ ಟೈಲರ್. "ಅಗಲದ ವಿಷ್ಯದಲ್ಲಿ ಬೋರ್ಡ್ ಸುಳ್ಳು ಹೇಳ್ತಿಲ್ಲ."

ಎಲ್ಲರೂ ನಕ್ಕರು. ಜೀವನವಿಡೀ ಕೆಂಪು ಪೆನ್ನು ಹಿಡಿದ ನನಗೂ ಆ ತಪ್ಪನ್ನು ತಿದ್ದುವ ಮನಸ್ಸು ಬರಲಿಲ್ಲ, ನಿಜ ಹೇಳಬೇಕೆಂದರೆ. ಇರಲಿ ಎಂದು ಒಬ್ಬ, ಇರಲೇಬೇಕು ಎಂದು ಇನ್ನೊಬ್ಬ. ಕೊನೆಗೆ ಔಷಧಿ ಅಂಗಡಿಯವರು, "ಗೋಡೆ ನಂದಾದ್ರೂ ಸಾಹೇಬ್ರು ಅವರ ಮನೆಯವರಿಗೆ ಸೇರಿದೋರು. ಅಮ್ಮಾವ್ರನ್ನ ಕೇಳೋಣ" ಎಂದರು.

ನಿಮ್ಮಮ್ಮ ಲಾರಿ ನುಗ್ಗಿದ ದಿನದಿಂದ ಸರ್ಕಲ್ಲಿನ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ ಅನ್ನು. ತರಕಾರಿಗೂ ಹಿಂದಿನ ಬೀದಿಯಿಂದ ಸುತ್ತಿ ಹೋಗುತ್ತಿದ್ದಳು. ನಾನು ಕರೆದಾಗ ಹಾಲು ಉಕ್ಕುತ್ತದೆಂದು ಕಾದೆ. ಯಾಕೋ ಅವತ್ತು ಉಕ್ಕಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು.

ಬಂದು ಗೋಡೆಯೆದುರು ನಿಂತಳು. ಚಿತ್ರ ನೋಡಿ, "ಮೀಸೆ ಜಾಸ್ತಿಯಾಯ್ತು" ಎಂದಳು. ಸಾಲು ಓದಿದಳು. ಎರಡನೇ ಸಲ ಓದಿದಳು. ಅವಳ ಕಣ್ಣು ಗೋಡೆ ಬಿಟ್ಟು ರಸ್ತೆಯತ್ತ ಹೋಯಿತು.

ಅಲ್ಲಿ ಭಾವ ನಿಲ್ಲುತ್ತಿದ್ದ ಜಾಗದಲ್ಲಿ ಈಗೊಬ್ಬಳು ಹೊಸ ಪೇದೆ ಇದ್ದಾಳೆ. ನಿನ್ನ ವಯಸ್ಸಿನವಳು, ಟೋಪಿಯೇ ಅವಳಿಗಿಂತ ಭಾರ ಇರಬೇಕು. ಪಾಪ, ಸೀಟಿ ಊದುತ್ತಿದ್ದಳು, ಕೈ ತೋರಿಸುತ್ತಿದ್ದಳು, ಕೇಳುವವರಿರಲಿಲ್ಲ. ಯಾಕೆಂದರೆ ಚಿತ್ರ ಬಂದಾಗಿನಿಂದ ಹೋಗುವ ಬರುವ ಗಾಡಿಯವರೆಲ್ಲ ಗೋಡೆ ನೋಡಿಕೊಂಡೇ ಓಡಿಸುತ್ತಿದ್ದರು. ಆ ಹೊತ್ತಿಗೆ ಸರಿಯಾಗಿ ಒಬ್ಬ ಭಕ್ತ ಸ್ಕೂಟರಿನ ಹಿಡಿಯಿಂದ ಕೈ ತೆಗೆದು ಚಿತ್ರಕ್ಕೊಂದು ಸೆಲ್ಯೂಟ್ ಹೊಡೆದ. ಸ್ಕೂಟರ್ ವಾಲಿತು. ಆ ಹುಡುಗಿ ಹಿಂದಕ್ಕೆ ಜಿಗಿಯದಿದ್ದರೆ ಅವಳ ಕಾಲ ಮೇಲೇ ಹತ್ತುತ್ತಿತ್ತು.

ನಿಮ್ಮಮ್ಮ ಪೇಂಟರನ ಕಡೆ ತಿರುಗಿದಳು. "ತಿದ್ದಪ್ಪ."

"ಅಮ್ಮಾ, ಬಿಟ್ಟು ಹೋಗದೇ ಇರೋರು ಅಂತ ಅರ್ಥ ಬರತ್ತೆ..."

"ಹೋಗಿದಾರೆ ಕಣಪ್ಪ. ನನಗಿಂತ ಚೆನ್ನಾಗಿ ಗೊತ್ತಾ ನಿಂಗೆ?" ದನಿ ಏರಲಿಲ್ಲ. "ಹೋಗಿಲ್ಲ, ಇಲ್ಲೇ ಇದಾರೆ ಅಂತ ನೀವೆಲ್ಲ ಗೋಡೆ ನೋಡ್ತಾ ಕೂತ್ರೆ, ಅಲ್ಲಿ ನಿಂತಿರೋಳನ್ನ ನೋಡೋರು ಯಾರು? ಆ ಮಗು ಕೈ ಎತ್ತಿದ್ರೆ ನಿಲ್ಲಿ. ಅದು ಬಿಟ್ಟು ನಮ್ಮನೆಯವರಿಗೆ ಯಾವ ನಮನಾನೂ ಬೇಡ."

ಪೇಂಟರ್ ಏಣಿಯಿಂದ ಇಳಿದು ಕುಂಚ ಅದ್ದಿದ. ಅವಳೇ ಕುಂಚ ತೆಗೆದುಕೊಂಡಳು. ಏಣಿ ಹತ್ತಲು ನಾನು ಕೈ ಕೊಟ್ಟೆ. ಲ ಅಕ್ಷರದ ತಲೆಯ ಮೇಲೆ ಒಂದು ಗುಡಿಸು ಎಳೆದಳು. ನಿಮ್ಮಪ್ಪ ಅಗಲಿದರು. ಕೆಳಗಿಳಿದು ಟೈಲರನಿಗೆ, "ಏನ್ರೀ ನೋಡ್ತಿದೀರ? ನಿಮ್ಮ ಸೈಕಲ್ ಎಲ್ಲಿ ನಿಂತಿದೆ ನೋಡ್ಕೊಳ್ಳಿ" ಎಂದು ಬೈದಳು. ಟೈಲರ್ ಓಡಿಹೋಗಿ ಸೈಕಲ್ ತೆಗೆದ. ಬೈಸಿಕೊಂಡ ಖುಷಿ ಅವನ ಮುಖದಲ್ಲಿ ಈಗಲೂ ಇದೆ. ಇವತ್ತು ಬೆಳಗ್ಗೆ ಆ ಹುಡುಗಿ ಕೈ ಎತ್ತಿದಾಗ ಇಡೀ ಸರ್ಕಲ್ ನಿಂತಿತು, ಫುಟ್‌ಪಾತಿನ ಮೇಲೆ ನಡೆಯುತ್ತಿದ್ದ ನಾನೂ ಸೇರಿ.

ಅವತ್ತು ಮನೆಗೆ ಮರಳುವಾಗ ದಾರಿಯಲ್ಲಿ ಕೇಳಿಯೇಬಿಟ್ಟೆ. "ಅಕ್ಕಾ, ಮಗಳಿಗೆ ಏನಂತ ಬರೀಲಿ?" ಎದುರು ಬಂದ ಸೈಕಲ್ಲಿಗೆ ದಾರಿ ಬಿಟ್ಟಳು. ಆಮೇಲೆ, "ಸರಿ ಅಂತ ಬರಿ" ಎಂದಳು.

ತಗೋ, ಬರೆದಿದ್ದೇನೆ. ಅಮ್ಮ ಸರಿ ಎಂದಿದ್ದಾಳೆ. ಇನ್ನು ಬಿಟ್ಟು ಬರುವ ಮಾತೆತ್ತಿದರೆ ನಿನ್ನ ಮೇಲೆ ಶ್ಲೇಷೆ ಪ್ರಯೋಗಿಸಬೇಕಾಗುತ್ತದೆ. ಹೊಟ್ಟೆ ತುಂಬ ಊಟ ಮಾಡು. ಮೈದಾನದಲ್ಲಿ ಓಡುವಾಗ ಎಲ್ಲರಿಗಿಂತ ಮುಂದಿರು, ಅಧಿಕಾರಿಗಳು ಕೂಗಾಡುವಾಗ ಎಲ್ಲರಿಗಿಂತ ಹಿಂದಿರು. ನಿನಗೆ ದೀರ್ಘಾಯುಸ್ಸು, ಗಟ್ಟಿ ಸೀಟಿ, ಮಾತು ಕೇಳುವ ರಸ್ತೆ ಸಿಗಲಿ.

ಇತಿ, ನಿನ್ನನ್ನು ಕೊರೆದು ಕೊರೆದು ದೊಡ್ಡವಳನ್ನಾಗಿ ಮಾಡಿದ
ಮೇಷ್ಟ್ರು ಮಾವ

ಮರೆತ ಮಾತು: ಕವರ್ ಅಂಟಿಸುವಾಗ ಅಕ್ಕ ಬಂದಳು. ಓದು ಎಂದಳು. ಓದಿದೆ. "ಇದಲ್ಲ ಕಣೋ" ಎಂದಳು. "ನಾನು ಹೇಳಿದ್ದು ಆ ಸರಿ ಅಲ್ಲ. ಲಾರಿ ಬಂದಾಗ ಅವರ ಪಕ್ಕದಲ್ಲಿ ಜಾಗ ಇತ್ತಂತೆ. ಗಾಡಿಯಮ್ಮನೇ ಹೇಳಿದ್ಲು. ಇವಳನ್ನ ತಳ್ಳಿದ್ಮೇಲೆ ಒಂದು ಹೆಜ್ಜೆ ಸರಿಯೋಷ್ಟು ಹೊತ್ತೂ ಇತ್ತಂತೆ. ಇನ್ನೂ ಯಾರಾದ್ರೂ ಉಳಿದಿದಾರಾ ಅಂತ ತಿರುಗಿ ನೋಡ್ತಾ ನಿಂತ್ರಂತೆ. ಎಲ್ಲರಿಗೂ ಸರೀರಿ, ಸರೀರಿ ಅಂದೋರಿಗೆ, ಸರೀರಿ ಅನ್ನೋರು ಅಲ್ಲಿ ಒಬ್ಬರೂ ಇರ್ಲಿಲ್ಲ. ನಾನಿದ್ದಿದ್ರೆ ಅಂತಿದ್ದೆ. ಅದಕ್ಕೇ ಅವಳಿಗೆ ಮೊದಲೇ ಬರಿ. ಎಲ್ಲರನ್ನೂ ಕಾಪಾಡು. ಆಮೇಲೆ ನೀನೂ ಸರಿ ಅಂತ ಬರಿ."

"ಹಾಗಾದ್ರೆ ಒಪ್ಪಿಗೆ?" ಎಂದೆ.

"ಒಪ್ಪಿಗೆ ಇಲ್ದೆ ಇದನ್ನ ಹೇಳ್ತೀನಾ?" ಎಂದು ಒಳಗೆ ಹೋದಳು. ಹಾಲು ಉಕ್ಕಿತೆಂದು ಹೇಳಲಿಲ್ಲ.

ಎಷ್ಟೋ ಶ್ಲೇಷೆಗಳನ್ನು ಬಿಡಿಸಿ ಪಾಠ ಹೇಳಿದವನು ನಾನು. ಇದೊಂದನ್ನು ಬಿಡಿಸಲು ಕೈ ಬರುತ್ತಿಲ್ಲ. ಎರಡು ಅರ್ಥದಲ್ಲೂ ಓದಿಕೋ. ಸರಿ, ಮಗಳೇ.