ಹೊರಕ್ಕೆ ತೆರೆಯುವ ಬಾಗಿಲು

ಜಂಟಿ ಸಮಿತಿಯ ಡಾಕ್ಟರಮ್ಮನವರಿಗೆ ನಮಸ್ಕಾರ.

ನೀವು, ಪೊಲೀಸರು, ನಮ್ಮ ಬೀದಿಯವರು ಸೇರಿ ನಶೆ ಬಿಡಿಸೋ ಕೇಂದ್ರ ಕಟ್ಟಿಸ್ತಿರೋದು ಒಳ್ಳೇದೇ. ಉದ್ಘಾಟನೆ ದಿನ ತೀರಿಹೋದ ಮಗನ ಬಗ್ಗೆ ನಾಲ್ಕು ಮಾತಾಡಿ ಅಂದ್ರಿ. ನನ್ನ ಕೈಲಾಗಲ್ಲ. ಹಾರ ತುರಾಯಿನೂ ಬೇಡ.

ಕೇಳೋದು ಒಂದೇ: ಅಲ್ಲಿ ಬಚ್ಚಲಮನೆ ಬಾಗಿಲು ಹೊರಕ್ಕೆ ತೆಗೆಯೋ ಹಾಗೆ ಇಡಿಸಿ. ನಮ್ಮನೇದು ಒಳಕ್ಕೆ ತೆಗೆಯೋದಾಗಿತ್ತು. ಸೂಜಿ ಚುಚ್ಚಿಕೊಂಡವನು ಬಾಗಿಲಿಗೇ ಒರಗಿ ಬಿದ್ದಿದ್ದ. ಯಜಮಾನರು ತಳ್ಳಿದ್ರೆ ಮಗನ ಮೈಯೇ ಅಡ್ಡ. ಒಡೆಯೋಣ ಅಂದ್ರೆ ಒಳ್ಳೇ ಮರ, ಅವರೇ ಕೈಯಾರೆ ಮಾಡಿ ಕೂರಿಸಿದ್ದು. ಆಗಿನ್ನೂ ಒಳಗೆ ಗೊರಕೆ ಕೇಳ್ತಿತ್ತು.

ಬೇರೆ ಬಡಗಿನ ಹುಡುಕಬೇಡಿ, ಇವರನ್ನೇ ಕರೀರಿ. ಮನೇಲಿದ್ದ ಬಾಗಿಲೆಲ್ಲ ಕಿತ್ತಾಯ್ತು. ನಾನು ಸ್ನಾನಕ್ಕೆ ಹೋದ್ರೆ ಪರದೆ ಆಚೆ ನಿಂತು, ಓಗೊಡೋವರೆಗೂ ಕೂಗ್ತಾನೇ ಇರ್ತಾರೆ.

ಇಂತಿ,
ಅವನ ತಾಯಿ