ನೀರಿನ ನ್ಯಾಯ

ಚುಂಚನಕಟ್ಟೆ
೯-೮-೧೯೫೬

ಪೂಜ್ಯ ಅಣ್ಣನವರಿಗೆ ತಂಗಿ ನೀಲಾಂಬಿಕೆಯ ಶರಣು.

ನಿಮ್ಮ ಕಾಗದಕ್ಕೆ ಉತ್ತರ ತಡವಾಯಿತು, ಬೇಸರಪಡಬೇಡಿ. ನಾಟಿ ಶುರುವಾದ ಮೇಲೆ ಕೂತು ಬರೆಯಲು ಹೊತ್ತೇ ಸಿಗಲಿಲ್ಲ. ಹುಣಸೂರಿನ ಮಳೆಗೆ ನಿಮ್ಮ ಹೊಗೆಸೊಪ್ಪು ಹೇಗಿದೆ? ಅತ್ತಿಗೆಯ ಮಂಡಿನೋವು ಇಳಿಯಿತೇ?

ಸಂಜೆ ಜಗಲಿಯಲ್ಲಿ ಹೆಂಗಸರಿಗೆ ಏನಾದರೂ ಓದಿ ಹೇಳುತ್ತೇನಲ್ಲ, ನಿನ್ನೆ ಸ್ಕೂಲಿನ ವಿಮಲಮ್ಮ ಕೊಟ್ಟ ಬೈಬಲ್ಲಿನಿಂದ ಆಮೋಸನೆಂಬ ಪ್ರವಾದಿಯ ವಿಷಯ ಹೇಳಿದೆ. ಎರಡು ಸಾವಿರದ ಏಳುನೂರು ವರ್ಷದ ಹಿಂದಿನವನು. ದಕ್ಷಿಣದ ತೆಕೋವ ಎಂಬ ಊರಿನಲ್ಲಿ ಕುರಿ ಸಾಕಿಕೊಂಡಿದ್ದವನು. ಆಗ ಉತ್ತರದ ಇಸ್ರೇಲ್ ರಾಜ್ಯದಲ್ಲಿ ಯುದ್ಧದ ಭಯವಿಲ್ಲ, ವ್ಯಾಪಾರ ಜೋರು. ಉಳ್ಳವರು ದಂತದ ಮಂಚದಲ್ಲಿ ಮಲಗುತ್ತಿದ್ದರು. ಒಂದು ಜೊತೆ ಎಕ್ಕಡದ ಬೆಲೆಗೆ ಬಡವರನ್ನು ಮಾರುತ್ತಿದ್ದರು. ಹಬ್ಬ, ಬಲಿ, ಹಾಡು ಮಾತ್ರ ತಪ್ಪುತ್ತಿರಲಿಲ್ಲ. ಇವನು ಅಲ್ಲಿಗೇ ಹೋಗಿ, ದೇವರಿಗೆ ನಿಮ್ಮ ಹಾಡು ಬೇಡ, ನ್ಯಾಯ ನೀರಿನಂತೆ ಹರಿಯಲಿ ಎಂದ.

ಅಷ್ಟು ಹೇಳುವಷ್ಟರಲ್ಲಿ ಚಿಕ್ಕಬಸಮ್ಮ, "ಇರೋ ನೀರಿನ್ ನ್ಯಾಯನೇ ಸಾಕಾಗ್ಯದೆ ಕಣ್ರವ್ವ. ಇವ್ನು ಇನ್ನೂ ಅರಿಸ್ತೀನಿ ಅಂತಾನಾ?" ಎಂದಳು.

"ಕುರಿ ಬುಟ್ಬುಟ್ಟು ನ್ಯಾಯ ತೆಗಿಯಕ್ಕೆ ಅಲ್ಲೀಗಂಟ ಓಗಿದ್ನಾ?" ಎಂದಳು ಸಣ್ಣತಾಯಮ್ಮ.

ಎಲ್ಲರೂ ನಕ್ಕೆವು. ಇಲ್ಲಿನವರ ಬಾಯಲ್ಲಿ ನ್ಯಾಯವೆಂದರೆ ಜಗಳ ಎಂಬುದು ನನಗೆ ಮರೆತೇಹೋಗಿತ್ತು. ಜಗಳವಲ್ಲ, ಯಾರಿಗೆ ಏನು ಸಲ್ಲಬೇಕೋ ಅದು ಎಂದು ಬಿಡಿಸಿ ಹೇಳಿದೆ.

ಆಗ ಚಿಕ್ಕಬಸಮ್ಮ, "ಅದು ನೀರಂಗೆ ಅರಿಯಕ್ಕೆ ತೂಬು ತೆಗೀಬೇಕಲ್ರವ್ವ?" ಎಂದಳು.

ಅಣ್ಣ, ಅವಳ ಗಂಡ ಚಿಕ್ಕಮಾದಯ್ಯ ಈ ಸಲ ನಮ್ಮ ಮನೆಗೆ ಬಿಟ್ಟಿ ದುಡಿಯಲು ಬರಲಿಲ್ಲವೆಂದು ಅವರ ಗದ್ದೆಯ ತೂಬು ಮುಚ್ಚಿಸಿದಿರಿ. ಪೈರು ಹಳದಿಗೆ ತಿರುಗಿದೆ. ಇವತ್ತು ಬೆಳಿಗ್ಗೆ ನೀರುಗಂಟಿ ಜವರಯ್ಯನನ್ನು ಕರೆಸಿ, ತೆಗೆ ಎಂದೆ.

"ನಿಮ್ಮಣ್ಣೋರು ನನ್ ಚರ್ಮ ಸುಲೀತಾರೆ."

"ನಾನು ಹೇಳಿದೆ ಅನ್ನು."

"ನೀವೇಳುದ್ರೆ ಸುಲಿಯಾಕಿಲ್ವಾ?" ಎಂದು ಗೊಣಗುತ್ತಲೇ ಗುದ್ದಲಿ ಹೆಗಲಿಗೇರಿಸಿದ.

ಅವರ ಗದ್ದೆಗೆ ನೀರು ಹೋಗಿದೆ. ಜವರಯ್ಯನ ಮೇಲೆ ಕೋಪ ಬೇಡ. ನಾನಂತೂ ಮತ್ತೆ ಮುಚ್ಚಿಸುವುದಿಲ್ಲ.

ಅತ್ತಿಗೆಗೆ ನಮಸ್ಕಾರ. ಮಕ್ಕಳು ಚೆನ್ನಾಗಿರಲಿ.

ನಿಮ್ಮ ತಂಗಿ,
ನೀಲಾಂಬಿಕೆ

ಇನ್ನೊಂದು ಮಾತು: ಇಸ್ರೇಲಿನ ಗುಡಿಯ ಪೂಜಾರಿ ಆಮೋಸನಿಗೆ, ನಿನ್ನ ಊರಿಗೇ ಹೋಗಿ ಅನ್ನ ಹುಟ್ಟಿಸಿಕೋ ಎಂದನಂತೆ. ಅದನ್ನು ಹೆಂಗಸರಿಗೆ ನಾನು ಓದಲಿಲ್ಲ. ಹೋದ ತಿಂಗಳು ನೀವು ಬಂದಿದ್ದಾಗ ಈ ತೂಬಿನ ಮಾತೆತ್ತಿದೆ; ನೀವೂ ಆಳುಗಳ ಎದುರಿಗೇ, "ನಿನ್ನ ಗಂಡನ ಮನೆಗೆ ಹೋಗಿ ಹೇಳು" ಎಂದಿರಿ. ಆಮೋಸನಿಗೆ ಹೋಗಲು ಊರಿತ್ತು. ನಮ್ಮವರು ತೀರಿಕೊಂಡ ವರ್ಷವೇ ಆ ಮನೆಯವರು ನನಗೆ ಬಾಗಿಲು ಹಾಕಿದರು. ನನ್ನ ಟ್ರಂಕು ಹೊತ್ತು ಈ ಮನೆಗೆ ತಂದವರು ನೀವೇ. ಅದನ್ನು ಅಟ್ಟದಿಂದ ಇಳಿಸಿದ್ದೇನೆ. ತುಂಬಲೋ ಬೇಡವೋ ಎಂದು ಒಂದು ಸಾಲು ಬರೆಯಿರಿ.