ಚಿನ್ನಯ್ಯ ಹಬ್ಬದ ಊಟಕ್ಕೆ ಬಂದರು

ಪ್ರೀತಿಯ ಅಮ್ಮ,

ನೀನಿಲ್ಲದ ಮೊದಲ ಮೊಂತಿ ಮಾತೆಯ ಹಬ್ಬ, ನಮ್ಮ ತೆನೆ ಹಬ್ಬ, ಇವತ್ತು. ಇಗರ್ಜಿಯಲ್ಲಿ ಪಾದ್ರಿಗಳು ಆಶೀರ್ವದಿಸಿ ಕೊಟ್ಟ ಹೊಸ ತೆನೆಯ ಕಾಳು ಸುಲಿದು ಪಾಯಸಕ್ಕೆ ಹಾಕುತ್ತಿದ್ದೆ. ಅಂಗಳದಲ್ಲಿ ಯಾರೋ "ಬಾಯಮ್ಮಾ" ಎಂದು ನಿನ್ನನ್ನು ಕರೆದರು. ನೋಡಿದರೆ ಚಿನ್ನಯ್ಯ. ಗುರುವಾಯನಕೆರೆಯ ಹತ್ತಿರ ನಮ್ಮ ಲ್ಯಾನ್ಸಿ ಅಣ್ಣನ ಬೈಕಿಗೆ ಜೀಪು ಗುದ್ದಿಸಿದ ಅದೇ ಚಿನ್ನಯ್ಯ.

ಅಣ್ಣನನ್ನು ಮಣ್ಣು ಮಾಡಿದ ವಾರವೇ ನೀನು ಅವರನ್ನು ಕ್ಷಮಿಸಿದೆ. "ಶಿಲುಬೆಯ ಮೇಲಿದ್ದುಕೊಂಡೇ ಯೇಸುಸ್ವಾಮಿ ಕ್ಷಮಿಸಲಿಲ್ವಾ ಮಗಾ?" ಎಂದೆ. ನಾನು ಎದ್ದು ಒಳಗೆ ಹೋಗಿದ್ದೆ.

ನೀನು ತೀರಿಕೊಂಡದ್ದು ಅವರಿಗೆ ಗೊತ್ತಿರಲಿಲ್ಲ. ಹೇಳಿದಾಗ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಪ್ರತಿ ವರ್ಷ ಹಬ್ಬಕ್ಕೆ ಬಾ ಅಂತ ಕರೀತಿದ್ರು. ನಿಮ್ಮ ಮುಖ ನೋಡ್ಲಿಕ್ಕೆ ನನಗೆ ಧೈರ್ಯ ಬರ್ಲಿಲ್ಲ. ಈ ಸಲ ಕರೆಯೇ ಬರ್ಲಿಲ್ಲ, ಅದಕ್ಕೇ ಬಂದೆ," ಎಂದರು. ಆಮೇಲೆ ಮೆಲ್ಲಗೆ ಕೇಳಿದರು, "ನೀವು ನನ್ನನ್ನು ಕ್ಷಮಿಸಿದ್ದೀರಾ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಅದಕ್ಕಾಗಿ ಪ್ರಾರ್ಥನೆ ಮಾಡ್ತಾ ಇದ್ದೇನೆ ಚಿನ್ನಯ್ಯ. ಈಗ ಬನ್ನಿ, ಊಟ ಮಾಡುವ."

ಶಿಲುಬೆಯ ಗುರುತು ಹಾಕಿ, ಪಾಯಸವನ್ನು ಮೊದಲು ಅವರ ಎಲೆಗೆ ಬಡಿಸಿದೆ. ಅವರು ಕಣ್ಣೊರೆಸಿಕೊಂಡು ಉಂಡರು. ನೀನಿದ್ದಿದ್ದರೆ ಅವರು ಬೇಡವೆಂದರೂ ಕೇಳುತ್ತಿರಲಿಲ್ಲವಲ್ಲ, ನಾನೂ ಕೇಳದೆ ಇನ್ನೊಂದು ಸೌಟು ಹಾಕಿದೆ. ಮತ್ತೆ ಅವರ ಎದುರೇ ಕೂತು ಉಂಡೆ. ಅಣ್ಣ ಹೋದ ಮೇಲೆ ಹಬ್ಬದ ಊಟ ನನ್ನ ಗಂಟಲಲ್ಲಿ ಸಲೀಸಾಗಿ ಇಳಿದದ್ದು ಇವತ್ತೇ, ಅಮ್ಮ.

ನಿನ್ನ ಮಗಳು,
ಐವಿ